ಮಾರ್ಫಿನ್ ಅಂದ್ರೆ ಭಯ, ಕೆಮ್ಮಿನ ಸಿರಪ್ ಅಂದ್ರೆ ಸಲೀಸು – ಐರ್ಲೆಂಡ್ ಡ್ಯೂಟಿ ಡೈರಿ, ಭಾಗ 17

ಮೂರು ನೈಟ್ ಮುಗಿಸಿ ಇವತ್ತು ರಜೆ. ಹೊರಗೆ ಎಂದಿನಂತೆ ಮಳೆ. ಹೋದ ಸಲ ಬಿಪಿ ಮಾತ್ರೆಗಳ ಬಗ್ಗೆ ಬರೆದ ಮೇಲೆ ಮೆಸೆಂಜರ್‌ನಲ್ಲಿ ತುಂಬ ಪ್ರಶ್ನೆ ಬಂದವು. ಅದರಲ್ಲಿ ಒಂದೇ ಪ್ರಶ್ನೆ ಮೂರು ಬೇರೆ ಬೇರೆ ಮನೆಗಳಿಂದ ಬಂದಿದೆ. "ಕ್ಯಾನ್ಸರ್ ನೋವಿಗೆ ಡಾಕ್ಟ್ರು ಮಾರ್ಫಿನ್ ಬರ್ದಿದ್ದಾರೆ, ಕೊಡಬಹುದಾ? ಅದು ಕೊಟ್ರೆ ಬೇಗ ಹೋಗಿಬಿಡ್ತಾರಂತೆ, ಚಟ ಹತ್ತುತ್ತಂತೆ." ಇದೇ ಮನೆಗಳಲ್ಲಿ ಒಂದರಲ್ಲಿ ಮಕ್ಕಳಿಗೆ ಕೆಮ್ಮು ಬಂದರೆ ಕೋಡೀನ್ ಇರುವ ಸಿರಪ್ಪನ್ನು ಮುಚ್ಚಳದಲ್ಲಿ ಅಳೆದು ಕೊಡುತ್ತಾರೆ. ಚೀಟಿ ಇಲ್ಲ, ಯೋಚನೆಯೂ ಇಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ನಮ್ಮ ಕಡೆ ಹೆದರಬೇಕಾದ ಕಡೆ ಹೆದರುತ್ತಿಲ್ಲ, ಹೆದರಬಾರದ ಕಡೆ ಹೆದರಿ ಹಿರಿಯರನ್ನು ನೋವಿನಲ್ಲಿ ಮಲಗಿಸುತ್ತಿದ್ದೇವೆ. ಈ ಎರಡೂ ಔಷಧಿ ಮೈಯೊಳಗೆ ಹೋಗಿ ಕೂರುವ ಜಾಗ ಒಂದೇ. ಕೋಡೀನ್ ತನ್ನಷ್ಟಕ್ಕೆ ದೊಡ್ಡ ಕೆಲಸ ಮಾಡುವುದಿಲ್ಲ, ಲಿವರ್ ಅದರ ಸ್ವಲ್ಪ ಪಾಲನ್ನು ಮಾರ್ಫಿನ್ ಆಗಿ ಬದಲಿಸುತ್ತದೆ. ನೋವು ಕಡಿಮೆ ಮಾಡುವುದು ಮುಖ್ಯವಾಗಿ ಆ ಪಾಲು. ಅಂದರೆ ಅಜ್ಜಿಗೆ ಬೇಡ ಅಂದಿದ್ದನ್ನೇ ಮೊಮ್ಮಗನಿಗೆ ಸಿಹಿ ಬೆರೆಸಿ ಕೊಡುತ್ತಿದ್ದೀರಿ.

ಇನ್ನೊಂದು ವಿಷಯ. ಲಿವರ್‌ನಲ್ಲಿ ಈ ಬದಲಾವಣೆ ಮಾಡುವ ಎಂಜೈಮ್ ಎಲ್ಲರಲ್ಲೂ ಒಂದೇ ಥರ ಇರುವುದಿಲ್ಲ. ಕೆಲವರಲ್ಲಿ ನಿಧಾನ, ಅವರಿಗೆ ಕೋಡೀನ್ ನುಂಗಿದರೂ ನೋವು ಹೋಗಲ್ಲ. ಕೆಲವರಲ್ಲಿ ಬಹಳ ಚುರುಕು, ಅವರಿಗೆ ಮಾಮೂಲಿ ಡೋಸಿನಲ್ಲೇ ಹೆಚ್ಚು ಮಾರ್ಫಿನ್ ತಯಾರಾಗಿ ಉಸಿರಾಟ ಕುಗ್ಗಬಹುದು. ಯಾವ ಮಗು ಯಾವ ಗುಂಪು ಅಂತ ಮುಖ ನೋಡಿ ಹೇಳಲಾಗುವುದಿಲ್ಲ. ಅದಕ್ಕೇ 2013ರಲ್ಲಿ ಯುರೋಪಿನ ಔಷಧ ನಿಯಂತ್ರಕರು 12 ವರ್ಷದೊಳಗಿನ ಮಕ್ಕಳಿಗೆ ನೋವಿಗೆ ಕೋಡೀನ್ ಬೇಡ ಅಂದರು. ಮುಂದೆ ಕೆಮ್ಮು ನೆಗಡಿಗೂ ಅದೇ ಮಾತು.

ಕೂರುವ ಜಾಗ ಅಂದೆನಲ್ಲ, ಅದಕ್ಕೆ ರಿಸೆಪ್ಟರ್ ಅಂತಾರೆ. ಬಿಎಸ್ಸಿ ನರ್ಸಿಂಗ್ ಕ್ಲಾಸಿನಲ್ಲಿ ನಮಗೆ ಬೀಗ ಮತ್ತು ಕೀಲಿ ಅಂತ ಹೇಳಿಕೊಟ್ಟರು. ನನಗೆ ಅದಕ್ಕಿಂತ ನಮ್ಮೂರ ಬಸ್ ಸ್ಟ್ಯಾಂಡೇ ಸರಿ ಅನಿಸುತ್ತದೆ. ಜೀವಕೋಶದ ಮೇಲಿರುವ ರಿಸೆಪ್ಟರ್ ಅಂದರೆ ಸೀಟು. ಔಷಧಿ ಅಂದರೆ ಪ್ಯಾಸೆಂಜರ್. ಮಾರ್ಫಿನ್ ಕೂರುವ ಸೀಟಿಗೆ ಮ್ಯೂ ರಿಸೆಪ್ಟರ್ ಅಂತ ಹೆಸರು. ಈ ಸೀಟುಗಳನ್ನು ದೇವರು ಗಸಗಸೆ ಗಿಡದ ಹಾಲಿಗಾಗಿ ಮಾಡಿಟ್ಟಿದ್ದಲ್ಲ. ನಮ್ಮ ಮೈಯೇ ತಯಾರಿಸುವ ನೋವುಶಾಮಕಗಳಿವೆ, ಸೀಟು ಅವಕ್ಕೆ ಸೇರಿದ್ದು. 1973ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಕ್ಯಾಂಡೇಸ್ ಪರ್ಟ್ ಮತ್ತು ಸಾಲಮನ್ ಸ್ನೈಡರ್ ಮೆದುಳಿನಲ್ಲಿ ಈ ಜಾಗ ಇರುವುದನ್ನು ತೋರಿಸಿದರು. ಎರಡು ವರ್ಷದ ನಂತರ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಹ್ಯೂಸ್ ಮತ್ತು ಕಾಸ್ಟರ್ಲಿಟ್ಸ್ ಅದರ ನಿಜವಾದ ವಾರಸುದಾರರನ್ನು ಕಂಡುಹಿಡಿದರು. ಎಂಕೆಫಾಲಿನ್ ಅಂತ ಹೆಸರಿಟ್ಟರು.

ಸೀಟು ಮೈಯಲ್ಲಿ ಎಲ್ಲೆಲ್ಲಿದೆ ಅಂತ ಗೊತ್ತಾದರೆ ಮಾರ್ಫಿನ್‌ನ ಒಳ್ಳೆಯದು ಕೆಟ್ಟದು ಎರಡೂ ಅರ್ಥವಾಗುತ್ತೆ. ಬೆನ್ನುಹುರಿ ಮತ್ತು ಮೆದುಳಿನ ಸೀಟಿನಲ್ಲಿ ಕೂತರೆ ನೋವು ಕಡಿಮೆ. ಮೆದುಳಿನ ಬುಡದಲ್ಲಿ ಉಸಿರಾಟ ನಡೆಸುವ ಜಾಗದ ಸೀಟಿನಲ್ಲಿ ಅತಿಯಾಗಿ ಕೂತರೆ ಉಸಿರು ನಿಧಾನ. ಕರುಳಿನ ಸೀಟಿನಲ್ಲಿ ಕೂತರೆ ಮಲಬದ್ಧತೆ. ಮೊದಲ ಕೆಲವು ದಿನದ ವಾಕರಿಕೆ, ಮಂಪರು ಸಾಮಾನ್ಯವಾಗಿ ತಾನಾಗಿ ಕಡಿಮೆಯಾಗುತ್ತೆ. ಆದರೆ ಕರುಳು ಮಾತ್ರ ಒಗ್ಗಿಕೊಳ್ಳುವುದೇ ಇಲ್ಲ. ಇಲ್ಲಿ ನಮ್ಮ ವಾರ್ಡಿನಲ್ಲಿ ಮಾರ್ಫಿನ್ ಬರೆದ ದಿನವೇ ಭೇದಿ ಔಷಧಿಯೂ ಬರೆಯುತ್ತಾರೆ. ಊರಲ್ಲಿ ಇದನ್ನು ಹೇಳದೆ ಕಳಿಸಿಬಿಡುತ್ತಾರೆ. ಐದು ದಿನ ಹೊಟ್ಟೆ ಕಟ್ಟಿ ಒದ್ದಾಡಿದ ಮೇಲೆ "ಮಾರ್ಫಿನ್ ಆಗಿಬರಲಿಲ್ಲ" ಅಂತ ಮನೆಯವರು ನಿಲ್ಲಿಸುತ್ತಾರೆ. ಆಗಿಬರದಿದ್ದದ್ದು ಮಾರ್ಫಿನ್ ಅಲ್ಲ, ಜೊತೆಗೆ ಕೊಡಬೇಕಾಗಿದ್ದ ಇನ್ನೊಂದು ಔಷಧಿ ಇಲ್ಲದ್ದು.

ಈಗ ಚಟದ ವಿಷಯ. ದಿನಾ ಸೀಟು ತುಂಬುತ್ತಿದ್ದರೆ ಜೀವಕೋಶ ಕೆಲವು ಸೀಟುಗಳನ್ನು ಒಳಗೆ ಎಳೆದುಕೊಳ್ಳುತ್ತೆ, ಉಳಿದವೂ ಮೊದಲಿನಷ್ಟು ಸ್ಪಂದಿಸುವುದಿಲ್ಲ. ಅದೇ ಕೆಲಸಕ್ಕೆ ಡೋಸ್ ಸ್ವಲ್ಪ ಹೆಚ್ಚು ಬೇಕಾಗಬಹುದು, ಏಕಾಏಕಿ ನಿಲ್ಲಿಸಿದರೆ ಬೆವರು, ನಡುಕ, ಸಂಕಟ ಆಗುತ್ತೆ. ಇದು ಮೈ ಒಗ್ಗಿಕೊಂಡದ್ದು. ಚಟ ಅಂದರೆ ಬೇರೆ. ಬದುಕು ಹಾಳಾಗುತ್ತಿದ್ದರೂ ಮನಸ್ಸು ಅದರ ಹಿಂದೆಯೇ ಓಡುವುದು ಚಟ. ಕ್ಯಾನ್ಸರ್ ನೋವಿಗೆ ಹೊತ್ತಿಗೆ ಸರಿಯಾಗಿ ಅಳೆದು ಕೊಟ್ಟಾಗ ಎರಡನೆಯದು ಅಪರೂಪ. ಎಪ್ಪತ್ತೆಂಟರ ದೊಡ್ಡಮ್ಮ ನೋವು ತಡೆಯಲಾರದೆ ಮಾತ್ರೆ ಕೇಳಿದರೆ ಅದಕ್ಕೆ ಚಟ ಅನ್ನಬೇಡಿ, ದಯವಿಟ್ಟು.

"ಕೊಟ್ಟ ಮೇಲೆ ಹೋಗಿಬಿಟ್ಟರು" ಅನ್ನುವುದಕ್ಕೆ ನನ್ನ ಉತ್ತರ: ನಮ್ಮಲ್ಲಿ ಮಾರ್ಫಿನ್ ತರುವುದೇ ಕೊನೆಯ ವಾರದಲ್ಲಿ. ಕಾಯಿಲೆ ತನ್ನ ಕೆಲಸ ಮುಗಿಸುವ ಹೊತ್ತಿಗೆ ಬಂದ ಔಷಧಿಯ ಮೇಲೆ ಅಪವಾದ. ಸಣ್ಣ ಡೋಸಿನಿಂದ ಶುರುಮಾಡಿ, ಮಂಪರು ನೋಡಿಕೊಂಡು, ನಿಧಾನಕ್ಕೆ ಏರಿಸಿದರೆ ಉಸಿರು ನಿಲ್ಲಿಸುವ ಮಟ್ಟಕ್ಕೆ ಹೋಗುವುದಿಲ್ಲ. ಉಸಿರು ಕುಗ್ಗುವ ಮೊದಲು ಸಾಮಾನ್ಯವಾಗಿ ಮಂಪರು ಗಾಢವಾಗುತ್ತೆ, ನಾವು ನರ್ಸುಗಳು ಕಾಯುವುದು ಅದನ್ನೇ. ಕಿಡ್ನಿ ಕೆಟ್ಟವರಿಗೆ ಮಾತ್ರ ಎಚ್ಚರ ಹೆಚ್ಚು ಬೇಕು, ಔಷಧಿಯ ಅಂಶ ಹೊರಹೋಗದೆ ಒಳಗೇ ಸೇರುತ್ತಾ ಹೋಗುತ್ತೆ. ನಿದ್ರೆ ಮಾತ್ರೆ, ಹೆಂಡ ಜೊತೆಗಿದ್ದರೂ ಅಪಾಯ. ಅವು ಕೂರುವ ಸೀಟು ಬೇರೆ, ಆದರೆ ಕುಗ್ಗಿಸುವುದು ಅದೇ ಉಸಿರನ್ನು.

ಹಾಗಂತ ಇಲ್ಲಿ ಎಲ್ಲ ಸರಿಯಾಗಿದೆ ಅಂತ ತಿಳಿಯಬೇಡಿ. 2023ರ ನವೆಂಬರ್‌ನಲ್ಲಿ ಡಬ್ಲಿನ್‌ನಲ್ಲಿ, ಡಿಸೆಂಬರ್‌ನಲ್ಲಿ ಕಾರ್ಕ್‌ನಲ್ಲಿ ಬೀದಿಯಲ್ಲಿ ಮಾರುವ ಪುಡಿ ತೆಗೆದುಕೊಂಡು ಜನ ಸಾಲುಸಾಲಾಗಿ ಬಿದ್ದರು. ಪುಡಿಯಲ್ಲಿ ಇದ್ದದ್ದು ನೈಟಜೀನ್ ಅನ್ನುವ ಗುಂಪಿನ ಔಷಧಿ. ಅದೇ ಮ್ಯೂ ಸೀಟಿಗೆ ಹೆರಾಯಿನ್‌ಗಿಂತ ಬಹಳ ಬಲವಾಗಿ ಅಂಟುವಂಥದ್ದು. ಇದಕ್ಕೆ ಪರಿಹಾರ ನಲಾಕ್ಸೋನ್, ಮೂಗಿಗೆ ಸ್ಪ್ರೇ ಮಾಡುವುದೂ ಇದೆ. ಅದು ಬಂದು ಮಾರ್ಫಿನ್ ಜಾತಿಯ ಪ್ಯಾಸೆಂಜರನ್ನು ಸೀಟಿನಿಂದ ತಳ್ಳಿ ತಾನು ಕೂರುತ್ತೆ, ಕೂತು ಏನೂ ಮಾಡುವುದಿಲ್ಲ. ಥೇಟ್ ಕಿಟಕಿಯಿಂದ ಟವೆಲ್ ಎಸೆದು ಹಿಡಿದ ಸೀಟಿನ ಹಾಗೆ, ಖಾಲಿಯೇ ಆದರೂ ಬೇರೆಯವರು ಕೂರುವಂತಿಲ್ಲ. ನೋಡ್ತಾ ಇದ್ದ ಹಾಗೆ ಮನುಷ್ಯ ಉಸಿರಾಡುತ್ತಾನೆ. ಆದರೆ ನಲಾಕ್ಸೋನ್ ಬೇಗ ಇಳಿದು ಹೋಗುವ ಗಿರಾಕಿ. ಒಂದು ಒಂದೂವರೆ ಗಂಟೆಯಲ್ಲಿ ಅದರ ಕೆಲಸ ಮುಗಿಯುತ್ತೆ. ಮೊದಲ ಪ್ಯಾಸೆಂಜರ್ ಇನ್ನೂ ಬಸ್ಸಿನಲ್ಲೇ ನಿಂತಿದ್ದರೆ ಮತ್ತೆ ಅದೇ ಸೀಟಿನಲ್ಲಿ ಕೂತುಬಿಡುತ್ತೆ. ಆದ್ದರಿಂದ ಎಚ್ಚರವಾದವರನ್ನೂ ಆಸ್ಪತ್ರೆಯಿಂದ ತಕ್ಷಣ ಕಳಿಸುವುದಿಲ್ಲ.

ಅಂಗಡಿಯ ಕೋಡೀನ್ ಬಗ್ಗೆ ಇಲ್ಲಿನ ಪದ್ಧತಿ ನನಗೆ ಇಷ್ಟ. ಪ್ಯಾರಾಸಿಟಮಾಲ್ ಜೊತೆ ಕೋಡೀನ್ ಇರುವ ಮಾತ್ರೆ ಚೀಟಿ ಇಲ್ಲದೆ ಸಿಗುತ್ತೆ, ಆದರೆ ಫಾರ್ಮಸಿಯಲ್ಲಿ ಮಾತ್ರ. 2010ರಿಂದ ಇರುವ ಮಾರ್ಗಸೂಚಿ ಪ್ರಕಾರ ಗಿರಾಕಿ ಕೈಗೆಟಕುವ ಹಾಗೆ ಇಡುವಂತಿಲ್ಲ. ಯಾರಿಗೆ, ಏನಕ್ಕೆ, ಬೇರೆ ಏನು ತಗೊಂಡಿದ್ದೀರಿ ಅಂತ ಫಾರ್ಮಸಿಸ್ಟ್ ಕೇಳಿ, ಮೂರು ದಿನಕ್ಕಿಂತ ಹೆಚ್ಚು ಬೇಡ ಅಂತ ಹೇಳಿ ಕೊಡಬೇಕು. ಆ ಪ್ರಶ್ನೆಗಳಿಗೆ ಸಿಟ್ಟು ಮಾಡಿಕೊಳ್ಳುವ ನಮ್ಮವರನ್ನೂ ನೋಡಿದ್ದೇನೆ! ನಮ್ಮಲ್ಲೂ ಕಾನೂನು ಇಲ್ಲ ಅಂತಲ್ಲ. 2014ರಿಂದ ಕೋಡೀನ್ ಶೆಡ್ಯೂಲ್ ಎಚ್1 ಪಟ್ಟಿಯಲ್ಲಿದೆ. ಚೀಟಿ ಬೇಕು, ಅಂಗಡಿಯವರು ರಿಜಿಸ್ಟರ್‌ನಲ್ಲಿ ಬರೆಯಬೇಕು, ಲೇಬಲ್ ಮೇಲೆ ಕೆಂಪು ಚೌಕದಲ್ಲಿ ಎಚ್ಚರಿಕೆ ಇರಬೇಕು. ನಿಮ್ಮ ಮನೆಯ ಬಾಟಲಿ ತಿರುಗಿಸಿ ನೋಡಿ.

ಡಬ್ಲಿನ್‌ಗೆ ಬಂದ ಮೇಲೆ ತಿಳಿದ ಒಂದು ಸಂಗತಿ. 1844ರಲ್ಲಿ ಇಲ್ಲಿನ ಮೀತ್ ಆಸ್ಪತ್ರೆಯಲ್ಲಿ ಫ್ರಾನ್ಸಿಸ್ ರಿಂಡ್ ಅನ್ನುವ ವೈದ್ಯರು ಮುಖದ ನರದ ನೋವಿನಿಂದ ನರಳುತ್ತಿದ್ದ ಒಬ್ಬ ಹೆಂಗಸಿಗೆ, ಟೊಳ್ಳು ಸೂಜಿಯಂಥ ಸಾಧನದಿಂದ ಚರ್ಮದ ಕೆಳಗೆ ಔಷಧಿ ಬಿಟ್ಟರು. ಚರ್ಮದ ಕೆಳಗೆ ಇಂಜೆಕ್ಷನ್ ಕೊಡುವ ಪದ್ಧತಿ ಶುರುವಾದದ್ದು ಅಲ್ಲಿಂದ ಅಂತಾರೆ. ಆ ಔಷಧಿ ಮಾರ್ಫಿನ್. ಇದೇ ಊರಿನ ಹೆರಾಲ್ಡ್ಸ್ ಕ್ರಾಸ್‌ನಲ್ಲಿ 1879ರಲ್ಲಿ ಸಿಸ್ಟರ್ಸ್ ಆಫ್ ಚಾರಿಟಿ ಸಾಯುವವರ ಆರೈಕೆಗೆ ಅವರ್ ಲೇಡೀಸ್ ಹಾಸ್ಪಿಸ್ ತೆರೆದರು. ಅದೇ ಸಿಸ್ಟರ್‌ಗಳು ಲಂಡನ್ನಿನಲ್ಲಿ ನಡೆಸುತ್ತಿದ್ದ ಸೇಂಟ್ ಜೋಸೆಫ್ಸ್‌ನಲ್ಲಿ ಸಿಸಿಲಿ ಸಾಂಡರ್ಸ್, ನರ್ಸ್ ಆಗಿದ್ದು ನಂತರ ಡಾಕ್ಟರ್ ಆದವರು, ನೋವು ಬಂದ ಮೇಲೆ ಕೊಡುವ ಬದಲು ಗಡಿಯಾರ ನೋಡಿ ನಿಯಮಿತವಾಗಿ ಬಾಯಿಂದ ಮಾರ್ಫಿನ್ ಕೊಡುವ ಕ್ರಮವನ್ನು ಗಟ್ಟಿ ಮಾಡಿದರು. ಸೀಟು ಖಾಲಿಯಾಗುವ ಮುಂಚೆ ಮುಂದಿನ ಡೋಸ್, ಲೆಕ್ಕ ಅಷ್ಟೇ.

ಇತ್ತ ಭಾರತ ಕಾನೂನುಬದ್ಧವಾಗಿ ಅಫೀಮು ಬೆಳೆದು ಹೊರದೇಶಕ್ಕೂ ಕಳಿಸುವ ದೇಶ, ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶದಲ್ಲಿ. ಆದರೂ 1985ರ ಮಾದಕವಸ್ತು ಕಾಯ್ದೆ ಬಂದ ಮೇಲೆ ಲೈಸೆನ್ಸ್ ಮೇಲೆ ಲೈಸೆನ್ಸ್ ಬೇಕಾಗಿ ಎಷ್ಟೋ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. ಒಂದಿಡೀ ತಲೆಮಾರಿನ ಡಾಕ್ಟರು, ನರ್ಸುಗಳು ಅದನ್ನು ಕೈಯಲ್ಲಿ ಹಿಡಿಯದೆ ಓದು ಮುಗಿಸಿದರು. 2014ರಲ್ಲಿ ತಿದ್ದುಪಡಿ ಆಗಿ ನಿಯಮ ಸಡಿಲವಾಗಿದೆ. ಬೆಂಗಳೂರಿನಲ್ಲಿ ಕಿದ್ವಾಯಿ ಇದೆ, ಮಾರತಹಳ್ಳಿ ಹತ್ತಿರ ಕರುಣಾಶ್ರಯ ಇದೆ. ಅಲ್ಲಿ ಕೊನೆ ಹಂತದ ಕ್ಯಾನ್ಸರ್ ರೋಗಿಗಳನ್ನು ಹಣ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಾರೆ. ಜಿಲ್ಲೆ ತಾಲ್ಲೂಕುಗಳಲ್ಲಿ ಇದು ಸಾಲದು ಅನ್ನುವುದು ನನ್ನ ತಕರಾರು. ಮನೆಯವರ ಭಯ ಅದಕ್ಕಿಂತ ದೊಡ್ಡ ಅಡ್ಡಿ ಅನ್ನುವುದೂ ನನ್ನ ತಕರಾರೇ.

ಕೇಳಿದ ಮೂರೂ ಮನೆಯವರು ಡಾಕ್ಟರ ಹತ್ತಿರ ಇಷ್ಟು ಕೇಳಿ: ಇದು ನಾಲ್ಕು ಗಂಟೆಯ ಮಾತ್ರೆಯೋ ಹನ್ನೆರಡು ಗಂಟೆಯದೋ? ಹನ್ನೆರಡು ಗಂಟೆಯದಾದರೆ ಪುಡಿ ಮಾಡಿ ಕೊಡಬೇಡಿ, ಇಡೀ ಡೋಸ್ ಒಂದೇ ಸಲ ಇಳಿದುಬಿಡುತ್ತೆ. ಭೇದಿ ಔಷಧಿ ಯಾವುದು? ಮಧ್ಯೆ ನೋವು ಬಂದರೆ ಏನು ಕೊಡಲಿ? ಕಿಡ್ನಿ ರಿಪೋರ್ಟ್ ನೋಡಿದ್ದೀರಾ? ಮಂಪರು ಎಷ್ಟಿದ್ದರೆ ನಿಮಗೆ ಫೋನ್ ಮಾಡಲಿ? ಮಾತ್ರೆ ಮಕ್ಕಳ ಕೈಗೆ ಸಿಗದ ಹಾಗೆ ಬೀಗ ಹಾಕಿಡಿ, ಉಳಿದದ್ದನ್ನು ಆಸ್ಪತ್ರೆಗೇ ವಾಪಸ್ ಕೊಡಿ. ಡೋಸ್ ಎಷ್ಟು ಅಂತ ನನ್ನನ್ನು ಕೇಳಬೇಡಿ, ಅದನ್ನು ನೋಡದ ರೋಗಿಗೆ ಇಲ್ಲಿಂದ ಹೇಳುವುದಿಲ್ಲ. ಬೇರೆ ಏನಿದ್ದರೂ ಭಾನುವಾರ ಊರಿನ ಮಧ್ಯಾಹ್ನ ಮೂರರ ಮೇಲೆ ವಾಟ್ಸಾಪ್ ಕಾಲ್ ಮಾಡಿ. ಅಷ್ಟು ಹೊತ್ತಿಗೆ ಇಲ್ಲಿ ನಾನು ಎದ್ದಿರ್ತೀನಿ.