ಬಯಲುಸೀಮೆಗೆ ನೋಟವಿಲ್ಲವೆ?

ನಮ್ಮ ಎರೆಸೀಮೆಯಲ್ಲಿ ಚಿತ್ರಕ್ಕೆ ಯೋಗ್ಯವಾದ ದೃಶ್ಯವೇನಿದೆಯೆಂದು ನಮ್ಮ ಚಿತ್ರಕಾರರಲ್ಲಿಯೇ ಕೆಲವರು ಕೇಳುವದುಂಟು. ಹೀಗೆ ಕೇಳಿದವರು ತಾವೆಂದೂ ಮೆಟ್ಟದ ಕಾಶ್ಮೀರದ ಹಿಮವನ್ನೂ, ದಂಡೆಯಲ್ಲಿ ನಿಂತೇ ಇರದ ಸಮುದ್ರದ ತೆರೆಗಳನ್ನೂ ಛಾಯಾಚಿತ್ರ ನೋಡಿ ಬರೆಯುತ್ತಾರೆ. ಇದಕ್ಕೆ ನಿಸರ್ಗಚಿತ್ರವೆಂಬ ಹೆಸರು ಸಲ್ಲದು, ಇದು ನಕಲು.

ಈ ಮಹನೀಯರು ಮುಂಗಾರಿನಲ್ಲೊಮ್ಮೆ ಮುಂಡರಗಿ ತಾಲೂಕಿನ ಕೊರ್ಲಹಳ್ಳಿಯ ಹೊಳೆದಂಡೆಗೆ ಬರಬೇಕು. ಮಲೆನಾಡಿನಲ್ಲಿ ಸುರಿದ ಮಳೆಯು ತುಂಗೆ ಭದ್ರೆಗಳಿಗೆ ಇಳಿದು, ಕೂಡಲಿಯಲ್ಲಿ ಒಂದಾಗಿ, ಇಲ್ಲಿ ಹನಿಯೂ ಬೀಳದ ದಿನ ಕೆನ್ನೀರಾಗಿ ದಂಡೆ ತುಂಬಿ ಬರುವದು. ಮೇಲೆ ಬರಿಗಾಳಿಯ ಬಿಳಿಮೋಡ, ಕೆಳಗೆ ಪರಸ್ಥಳದ ಮಳೆ! ಮೋಡದ ನೆರಳು ಹೊಲದಿಂದ ಹೊಲಕ್ಕೆ ಓಡಿದಂತೆ ಕರಿಯ ಎರೆಯು ಒಮ್ಮೆ ನೀಲಿಯಾಗಿ, ಒಮ್ಮೆ ಕಂದಾಗಿ ತೋರುವದು. ಬೇಸಿಗೆಯಲ್ಲಿ ಅದೇ ಹೊಳೆ ಉಸುಕಿನ ನಡುವೆ ಬೆಳಕಿನ ಎಳೆಯಷ್ಟೇ ಉಳಿಯುವದು. ಕಾಗದದ ಮೇಲಿನ ಯಾವ ಛಾಯೆ ಇದನ್ನು ಕಲಿಸೀತು?

ಕೆ. ವೆಂಕಟಪ್ಪನವರೂ (1886–1965) ಉದಕಮಂಡಲಕ್ಕೆ ಹೋಗಲಿಲ್ಲವೆ ಎಂಬ ಆಕ್ಷೇಪ ಬಂದೀತು. ಹೋದರು, ನಿಜ. ಆದರೆ ಹೋಗಿ, ಅಲ್ಲಿಯ ಮಂಜನ್ನೂ ಮುಂಗಾರಿನ ಮೋಡವನ್ನೂ ಬೆಳದಿಂಗಳನ್ನೂ ಕಣ್ಣಾರೆ ಕಂಡು ಜಲವರ್ಣಕ್ಕೆ ಇಳಿಸಿದರು. ಬೆಂಗಳೂರಿನಲ್ಲಿ ಅವರ ಹೆಸರಿನ ಚಿತ್ರಶಾಲೆಯೇ ಇದೆ. ಸಂಶಯವಿದ್ದವರು ನೋಡಿ ಬರಲಿ. ರುಮಾಲೆ ಚನ್ನಬಸವಯ್ಯನವರಂತೂ (1910–1988) ತಾವಿದ್ದ ಬೆಂಗಳೂರಿನ ಹೂಮರಗಳನ್ನೇ ಬರೆದರು.

ತಪ್ಪು ಚಿತ್ರಕಾರನದೊಂದೇ ಎನ್ನುವದು ಅನ್ಯಾಯ. ಪಡಸಾಲೆಯ ಗೋಡೆಗೆ ಹಿಮಾಲಯವೇ ಬೇಕೆಂದು ಹಟ ಹಿಡಿಯುವವರು ನಾವು, ಗೃಹಸ್ಥರು. ನಾವು ಕೊಳ್ಳದಿದ್ದರೆ, ಕೊರ್ಲಹಳ್ಳಿಯ ಬಿಸಿಲಿನಲ್ಲಿ ದಿನಗಟ್ಟಲೆ ಕುಳಿತವನು ಉಣ್ಣುವದೇನನ್ನು?