ದಪ್ಪ ಬಣ್ಣದ ಅವಸರ

ಸಹೋದರಿ, ಮೇಜಿನ ಮೇಲಾಡುವ ಆಟದ ಹೆಬ್ಬೆರಳುದ್ದದ ಪ್ಲಾಸ್ಟಿಕ್ ಸೈನಿಕರಿಗೆ ನಿಮ್ಮ ಮಗನೂ ಬಣ್ಣ ಹಚ್ಚುತ್ತಿರಬಹುದು. ನನ್ನ ಮಗ ಮೊದಲ ಸಲ ಅಕ್ರಿಲಿಕ್ ಬಣ್ಣವನ್ನು ಡಬ್ಬಿಯಿಂದ ಹಾಗೆಯೇ ಬಳಿದ. ಸೈನಿಕನ ಕಣ್ಣು, ಮೂಗು ಮುಚ್ಚಿಹೋದವು. "ಉಮ್ಮಾ, ಮುಖವೇ ಇಲ್ಲ" ಎಂದು ಅತ್ತ. ಬಣ್ಣಕ್ಕೆ ತುಸು ನೀರು ಬೆರೆಸಿ ಹಾಲಿನಷ್ಟು ತೆಳುವಾಗಿಸಬೇಕು. ಒಂದು ಪದರ ಪೂರ್ತಿ ಒಣಗಿದ ಮೇಲೆಯೇ ಇನ್ನೊಂದು. ಅದಕ್ಕೂ ಮೊದಲು ಸೋಪಿನ ನೀರಲ್ಲಿ ತೊಳೆದು, ಒಣಗಿಸಿ, ಪ್ರೈಮರ್ ಹಚ್ಚಬೇಕು. ಇಲ್ಲವಾದರೆ ಬಣ್ಣ ಉಗುರು ತಾಗಿದರೂ ಏಳುತ್ತದೆ. ಕುಂಚದ ತುದಿ ಚೂಪು ಮಾಡಲು ಬಾಯಿಗಿಟ್ಟರೆ ಮಾತ್ರ ಗದರಿಸಿ.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಆ ದಪ್ಪ ಬಣ್ಣ ತೆಗೆಯಲೆಂದು ಬಡಗಿ ಬಿಟ್ಟುಹೋಗಿದ್ದ ಥಿನ್ನರ್ ತಂದೆ. ಬಣ್ಣದ ಜೊತೆ ಸೈನಿಕನೂ ಕರಗಿದ. ಮಗ ಈಗ ಆ ಪೆಟ್ಟಿಗೆಯನ್ನು ನನ್ನ ಕೈಗೆಟುಕದಂತೆ ಇಡುತ್ತಾನೆ.