ಬಿಡಾರದ ಬಂಡಿ

ಹುನ್ನೂರಿನಲ್ಲಿರುವ ನನ್ನ ಬಂಧುಗಳೊಬ್ಬರು ಈಚೆಗೆ ನನ್ನ ಅಭಿಪ್ರಾಯವನ್ನು ಕೇಳಿದರು. ಕಬ್ಬಿನ ಬೆಳೆಯಿಂದ ಕೈಯಲ್ಲಿ ನಾಲ್ಕು ಕಾಸು ಕೂಡಿದ ಮನೆತನ ಅವರದು. ಮಕ್ಕಳು ಬೆಂಗಳೂರು, ಪುಣೆಗಳಲ್ಲಿ ಉದ್ಯೋಗದಲ್ಲಿದ್ದಾರೆ. ರಜೆಯಲ್ಲಿ ಎಲ್ಲರೂ ಕೂಡಿದಾಗ ಮನೆಮಂದಿಯೆಲ್ಲ ಒಟ್ಟಾಗಿ ಊರೂರು ಸುತ್ತಿ, ಬಯಲಿನಲ್ಲಿ ತಂಗಿ ಬರಲು ಅನುಕೂಲವಾಗುವಂತೆ, ಮೋಟಾರಿನ ಹಿಂದೆ ಕಟ್ಟಿ ಎಳೆಯತಕ್ಕ ಒಂದು ವಿಶಾಲವಾದ ಮನೆಗಾಡಿಯನ್ನು ಮಾಡಿಸಬೇಕೆಂಬುದು ಅವರ ವಿಚಾರ. ಅದರಲ್ಲಿ ಮಂಚ, ಅಡಿಗೆಮನೆ, ಬಚ್ಚಲು, ತಂಪು ಮಾಡುವ ಯಂತ್ರ, ಟೀವಿ ಎಲ್ಲವೂ ಇರಬಹುದಂತೆ. “ಕಾಕಾ, ಎಷ್ಟ ದೊಡ್ಡದು ಮಾಡಸೂಣು? ಒಳಗ ಏನೇನು ಇರಲಿ?” ಎಂಬುದು ಅವರ ಪ್ರಶ್ನೆ.

ಇದು ಹಣವುಳ್ಳವರ ಚಪಲವೆಂದು ತಳ್ಳಿಹಾಕುವವರು ಇದ್ದಾರು. ನಾನು ಹಾಗೆ ತಳ್ಳಲಾರೆ. ಮನುಷ್ಯನು ಮನೆಯಿಂದ ಹೊರಬೀಳುವಾಗ ಮನೆಯ ಯಾವ ಭಾಗವನ್ನು ಜೊತೆಗೆ ಒಯ್ಯಬೇಕು, ಯಾವುದನ್ನು ಬಿಟ್ಟು ಹೋಗಬೇಕು ಎಂಬುದು ಸಣ್ಣ ಪ್ರಶ್ನೆಯಲ್ಲ. ಅದಕ್ಕೆ ಕೊಡುವ ಉತ್ತರದಿಂದ ಅವನು ಪ್ರವಾಸದಲ್ಲಿ ಏನನ್ನು ಬಯಸುತ್ತಾನೆಂಬುದು ಗೊತ್ತಾಗುತ್ತದೆ. ನನ್ನ ಮತವನ್ನು ಮೊದಲೇ ಹೇಳಿಬಿಡುತ್ತೇನೆ: ಪ್ರವಾಸದ ಬಂಡಿ ವಿಶಾಲವೋ ಇಕ್ಕಟ್ಟೋ ಎಂಬುದು ಅದು ನಿಂತಾಗ ಗೊತ್ತಾಗತಕ್ಕ ಮಾತು. ನಿಂತಲ್ಲಿ ಅದರ ಸುತ್ತ ಎಷ್ಟು ಸಂಸಾರ ಬಿಚ್ಚಿಕೊಳ್ಳುತ್ತದೆಯೋ ಅಷ್ಟು ಅದು ವಿಶಾಲ. ಒಳಗಿನ ಅಡಿಗಳ ಲೆಕ್ಕ ಆಮೇಲಿನದು.

ಈ ಮಾತಿಗೆ ನಮ್ಮ ಸೀಮೆಯ ಕೊಲ್ಲಾರಿ ಬಂಡಿಗಿಂತ ಬೇರೆ ಸಾಕ್ಷಿ ಬೇಡ. ಪುಷ್ಯಮಾಸದಲ್ಲಿ ಬನದ ಹುಣ್ಣಿಮೆ ಸಮೀಪಿಸಿತೆಂದರೆ ಜಮಖಂಡಿ, ಮುಧೋಳ, ಬೀಳಗಿಗಳ ಹಳ್ಳಿಗಳಿಂದ ಬಾದಾಮಿಯ ಬನಶಂಕರಿಗೂ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೂ ಬಂಡಿಗಳು ಹೊರಡುತ್ತಿದ್ದವು. ವರುಷವೆಲ್ಲ ಗೊಬ್ಬರ, ಕಣಿಕೆ ಹೇರಿದ ಚಕ್ಕಡಿಯೇ ಅಂದು ತೇರಾಗುತ್ತಿತ್ತು. ಬಿದಿರನ್ನು ಬಾಗಿಸಿ ಕಮಾನು ಕಟ್ಟಿ, ಮೇಲೆ ಚಾಪೆಯನ್ನೋ ತಾಡಪತ್ರಿಯನ್ನೋ ಹೊದಿಸಿ, ಕೆಳಗೆ ಹುಲ್ಲು ಹಾಸಿ ಅದರ ಮೇಲೆ ಜಮಖಾನ ಹಾಸಿದರೆ ಮನೆ ಸಿದ್ಧ. ಎತ್ತುಗಳಿಗೆ ಜೂಲು, ಕೊರಳಿಗೆ ಗೆಜ್ಜೆಸರ. ಬುತ್ತಿಗೆ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಶೇಂಗಾ ಹೋಳಿಗೆ, ಗುರೆಳ್ಳಿನ ಚಟ್ನಿ. ಆ ಬಂಡಿಯ ಒಳಗು ಎಷ್ಟು? ಆರೇಳು ಅಡಿ ಉದ್ದ, ನಾಲ್ಕು ಅಡಿ ಅಗಲವಿದ್ದರೆ ಹೆಚ್ಚು. ಅಷ್ಟರಲ್ಲಿ ಎಂಟು ಹತ್ತು ಜನರ ಕುಟುಂಬ ನಾಲ್ಕಾರು ದಿನ ಬಾಳಿ ಬರುತ್ತಿತ್ತು.

ಇದು ಸಾಧ್ಯವಾದದ್ದು ಹೇಗೆ? ಕೊರಳು ಹರಿದೊಡನೆ ಬಂಡಿ ಹೊರಮುಖವಾಗುತ್ತಿದ್ದುದರಿಂದ. ಮಕ್ಕಳೂ ಬಾಣಂತಿಯೂ ಒಳಗೆ, ಗಂಡಸರು ಬಂಡಿಯ ಅಡಿಯಲ್ಲಿ, ಎತ್ತುಗಳು ಗಾಲಿಗೆ. ಮೂರು ಕಲ್ಲು ಹೂಡಿದಲ್ಲಿ ಅಡಿಗೆಮನೆ. ಪಕ್ಕದ ಬಂಡಿ ಇಳಿದಲ್ಲಿ ನೆರೆಮನೆ. ಕಂಡರಿಯದ ಊರಿನವರು ಒಂದು ಕೊಡ ನೀರಿನ, ಒಂದು ಕೆಂಡದ ನೆಪದಲ್ಲಿ ಬೀಗರಾದ ಉದಾಹರಣೆಗಳು ಉಂಟು. ಬನಶಂಕರಿಯಲ್ಲಿ ತಿಂಗಳೊಪ್ಪತ್ತು ಬೀಡುಬಿಡುವ ನಾಟಕ ಕಂಪನಿಗಳ ಆಟವನ್ನು ಬೆಳಗಿನ ಜಾವದವರೆಗೆ ನೋಡಿ ಬಂದವನಿಗೆ ಮಲಗಲು ಅಂಗೈಯಗಲ ನೆಲ ಸಾಕಾಗುತ್ತಿತ್ತು. ಬಂಡಿ ಚಿಕ್ಕದಾಗಿದ್ದುದರಿಂದಲೇ ಬಯಲು ಅವರಿಗೆ ಮನೆಯಾಯಿತು.

ಇದರ ವಿರುದ್ಧವಾದ ಪ್ರಯೋಗವೂ ಇದೇ ಸೀಮೆಯಲ್ಲಿ ನಡೆದಿದೆಯೆಂಬುದನ್ನು ವಾಚಕರು ಮರೆಯಬಾರದು. ಬೀಳಗಿ ತಾಲೂಕಿನ ಕೃಷ್ಣಾತೀರದ ಗಲಗಲಿಯಲ್ಲಿ ಮೊಗಲ ಬಾದಶಹ ಔರಂಗಜೇಬನು ಬಹುಕಾಲ ಬೀಡುಬಿಟ್ಟಿದ್ದನು. 1695ರಲ್ಲಿ ಜೆಮೆಲ್ಲಿ ಕರೇರಿ ಎಂಬ ಇಟಲಿಯ ಪ್ರವಾಸಿ ಅಲ್ಲಿಗೆ ಬಂದು ಬಾದಶಹನನ್ನು ಕಂಡನು. ಅವನು ಬರೆದಿಟ್ಟ ಲೆಕ್ಕದಂತೆ ಆ ಬೀಡಿನ ಸುತ್ತಳತೆ ಮೂವತ್ತು ಮೈಲಿ, ಅದರಲ್ಲಿದ್ದ ಜನ ಐದು ಲಕ್ಷ, ಪೇಟೆಗಳು ಇನ್ನೂರೈವತ್ತು. ಪ್ರವಾಸಿಯ ಲೆಕ್ಕದಲ್ಲಿ ಒಂದಿಷ್ಟು ಉತ್ಪ್ರೇಕ್ಷೆಯಿದ್ದೀತೆಂದರೂ, ದಿಲ್ಲಿಯನ್ನೇ ಡೇರೆಗಳಲ್ಲಿ ಕಟ್ಟಿ ಹೊತ್ತು ತಂದಿದ್ದರೆಂಬುದು ಸ್ಪಷ್ಟ. ಇದಕ್ಕಿಂತ ವಿಶಾಲವಾದ, ಇದಕ್ಕಿಂತ ವೈಭವದ ಬಿಡಾರವನ್ನು ನಮ್ಮ ನೆಲ ಕಂಡಿಲ್ಲ. ಆದರೆ ಅದರ ಯಜಮಾನನು 1681ರಲ್ಲಿ ದಕ್ಷಿಣಕ್ಕೆ ಹೊರಟವನು ಮತ್ತೆ ಉತ್ತರಕ್ಕೆ ಮರಳಲೇ ಇಲ್ಲ. 1707ರಲ್ಲಿ ಅಹಮದನಗರದಲ್ಲಿ ಬೀಡಿನಲ್ಲೇ ತೀರಿಕೊಂಡನು. ಎಲ್ಲವನ್ನೂ ಹೊತ್ತು ತಂದವನಿಗೆ ಹಗುರಾಗಿ ಏಳುವುದು ಕಷ್ಟ. ದಂಡಿನ ಬೀಡಿಗೂ ಮನೆಮಂದಿಯ ಪ್ರವಾಸಕ್ಕೂ ಸಾಟಿಯೇನು ಎಂದು ಕೇಳಬಹುದು. ಗಾತ್ರದಲ್ಲಿ ಸಾಟಿಯಿಲ್ಲ, ನಿಜ. ಹೊರೆಯ ನ್ಯಾಯ ಮಾತ್ರ ಇಬ್ಬರಿಗೂ ಒಂದೇ.

ಸುಖಕ್ಕಾಗಿಯೇ ಮನೆಗಾಡಿಯನ್ನು ಕಟ್ಟಿಸಿ ಊರು ಸುತ್ತಿದವರಲ್ಲಿ ಮೊದಲಿಗನೆಂದು ಹೆಸರಾದವನು ಗಾರ್ಡನ್ ಸ್ಟೇಬಲ್ಸ್ ಎಂಬ ಬ್ರಿಟಿಷ್ ನೌಕಾದಳದ ನಿವೃತ್ತ ವೈದ್ಯ. 1885ರಲ್ಲಿ ಬ್ರಿಸ್ಟಲ್ಲಿನ ಕಾರಖಾನೆಯೊಂದರಲ್ಲಿ ಅವನು ‘ವಾಂಡರರ್’ ಎಂಬ ಬಂಡಿಯನ್ನು ಮಾಡಿಸಿ, ಇಂಗ್ಲಂಡಿನಿಂದ ಸ್ಕಾಟ್ಲಂಡಿನ ಇನ್ವರ್ನೆಸ್ಸಿನವರೆಗೆ ಹೋದನು. ಸುಮಾರು ಎರಡು ಟನ್ ತೂಕದ ಆ ಬಂಡಿಯನ್ನು ಎರಡು ಕುದುರೆಗಳು ಎಳೆದವು. ಅವನ ಜೊತೆಗೆ ಒಬ್ಬ ಸಾರಥಿಯೂ ಒಬ್ಬ ಪರಿಚಾರಕನೂ ಇದ್ದರು. ಆ ಪರಿಚಾರಕನು ಮೂರು ಗಾಲಿಯ ಸೈಕಲ್ಲನ್ನು ತುಳಿಯುತ್ತ ಮುಂದೆ ಹೋಗಿ ದಾರಿ ತೆರವು ಮಾಡಿಸಬೇಕಾಗಿತ್ತು! ಸೊಗಸಾದ ಬಂಡಿ, ಸಂದೇಹವಿಲ್ಲ. ಆದರೆ ಒಬ್ಬನ ಸುಖಕ್ಕೆ ಇಬ್ಬರು ದುಡಿಯಬೇಕಾದ ಬಂಡಿಯನ್ನು ಕುಟುಂಬದ ಬಂಡಿಯೆಂದು ಕರೆಯಲಾರೆವು. ನಮ್ಮ ಮನೆಗಳಲ್ಲಿ ಆ ಸಾರಥಿ, ಆ ಪರಿಚಾರಕ ಯಾರಾಗುತ್ತಾರೆಂಬುದನ್ನು ಬಂಡಿ ಕೊಳ್ಳುವ ಮೊದಲೇ ಕೇಳಿಕೊಳ್ಳಬೇಕು.

ಇನ್ನು ಬಂಡಿಯನ್ನು ಆರಿಸುವ ವ್ಯಾವಹಾರಿಕ ವಿಚಾರ. ಚಕ್ಕಡಿ ಹೂಡಿದ ರೈತನಿಗೆ ಇದರಲ್ಲಿ ಹೊಸದಾಗಿ ಕಲಿಯಬೇಕಾದುದು ಬಹಳವಿಲ್ಲ. ಹೊರೆ ಹಿಂದಕ್ಕೆ ಹೆಚ್ಚಾದರೆ ನೊಗ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತದೆ. ಮುಂದಕ್ಕೆ ಹೆಚ್ಚಾದರೆ ಹೆಗಲು ಕುಸಿಯುತ್ತದೆ. ಮೋಟಾರಿಗೆ ಕಟ್ಟಿದ ಮನೆಗಾಡಿಯದೂ ಇದೇ ನ್ಯಾಯ. ಹಿಂಭಾರವಾದ ಗಾಡಿ ವೇಗ ಹೆಚ್ಚಿದಂತೆ ಹಾವಿನಂತೆ ಓಲಾಡಿ ಮುಂದಿನ ಮೋಟಾರನ್ನೂ ಎಳೆದು ಕೆಡಹುತ್ತದೆ. ಮುಂಭಾರ ಅತಿಯಾದರೆ ಮೋಟಾರಿನ ಹಿಂಭಾಗ ತಗ್ಗಿ ಮುಂಗಾಲಿಗಳ ಹಿಡಿತ ತಪ್ಪುತ್ತದೆ. ಆದುದರಿಂದ ಮೊದಲು ನೋಡತಕ್ಕದ್ದು ಎಳೆಯುವ ಮೋಟಾರಿನ ಶಕ್ತಿಯನ್ನು. ನಮ್ಮ ಮಧ್ಯಮ ವರ್ಗದವರ ಕಾರು ತಾನೇ ಒಂದು ಟನ್ನಿನ ಆಸುಪಾಸು ತೂಗುತ್ತದೆ. ಮಂಚ, ಬಚ್ಚಲು, ಅಡಿಗೆಮನೆಗಳುಳ್ಳ ಅಮೆರಿಕೆಯ ದೊಡ್ಡ ಮನೆಗಾಡಿಗಳು ಎರಡು ಮೂರು ಟನ್ನನ್ನೂ ಮೀರುತ್ತವೆ. ನೀರಿನ ತೊಟ್ಟಿಯನ್ನು ಮರೆಯಬಾರದು: 200 ಲೀಟರ್ ನೀರೆಂದರೆ 200 ಕಿಲೊ ಹೊರೆ, ಅದೂ ತುಳುಕುವ ಹೊರೆ. ನಮ್ಮ ನಿಯಮದಂತೆ ರಸ್ತೆಯ ವಾಹನದ ಅಗಲ 2.6 ಮೀಟರನ್ನು ಮೀರುವಂತಿಲ್ಲ. ಹಳ್ಳಿಯ ಅಗಸೆಯಲ್ಲಿ ಅಷ್ಟಗಲದ ಗಾಡಿಯೂ ತಿರುಗಲಾರದು. ಸುಗ್ಗಿಯ ಕಾಲದಲ್ಲಿ ಎರಡೆರಡು ಟ್ರೇಲರುಗಳಲ್ಲಿ ಕಬ್ಬು ಹೇರಿಕೊಂಡ ಟ್ರ್ಯಾಕ್ಟರು ಎದುರಾದಾಗ ರಸ್ತೆಯ ಅಂಚಿಗೆ ಇಳಿಯಬೇಕಾಗುತ್ತದೆಂಬುದು ಜಮಖಂಡಿ–ಮುಧೋಳದ ಕಡೆಯವರಿಗೆ ಹೇಳಬೇಕಾದ ಮಾತಲ್ಲ. ಹಿಂದೆ ಎರಡು ಟನ್ನಿನ ಮನೆಯಿದ್ದವನು ಇಳಿಯುವುದು ಹೇಗೆ?

ಹಾಗಾದರೆ ಏನನ್ನು ಬಿಡಬೇಕು, ಏನನ್ನು ಇರಿಸಿಕೊಳ್ಳಬೇಕು? ಹಳೆಯ ಬಂಡಿಯ ಹಾಡನ್ನು ಹಾಡುವವರು ಸಾಮಾನ್ಯವಾಗಿ ಗಂಡಸರು. ಅಂದಿನ ಪ್ರವಾಸದ ಸುಖವನ್ನು ಹೆಂಗಸರ ಬಾಯಿಂದ ಕೇಳಿದರೆ ರಾಗ ಬದಲಾಗುತ್ತದೆ. ಹೊರಡುವ ವಾರ ಮೊದಲೇ ರೊಟ್ಟಿ ಬಡಿಯುವುದಕ್ಕೆ ಕೂತವರು ಅವರು. ಬಯಲಲ್ಲಿ ಹೊಗೆ ಕುಡಿದವರು, ದೂರದಿಂದ ನೀರು ಹೊತ್ತವರು ಅವರು. ಎಲ್ಲಕ್ಕಿಂತ ಮಿಗಿಲಾಗಿ, ಬೆಳಕು ಹರಿಯುವುದರೊಳಗೆ ಎದ್ದು ಮರೆ ಹುಡುಕಿ ನಡೆದು, ಆಮೇಲೆ ಕತ್ತಲಾಗುವವರೆಗೆ ತಡೆದುಕೊಂಡವರು ಅವರು. ಬಂಡಿಯಲ್ಲಿ ಇರಲೇಬೇಕಾದದ್ದು ಯಾವುದೆಂದು ಕೇಳಿದರೆ, ಬಾಗಿಲು ಭದ್ರವಾದ ಒಂದು ಶೌಚಗೃಹವೆಂದು ನಾನು ಹೇಳುತ್ತೇನೆ. ಅದನ್ನು ವಿಲಾಸವೆನ್ನುವವನು ಎಂದೂ ಹೆಂಗಸರೊಡನೆ ಜಾತ್ರೆಗೆ ಹೋದವನಲ್ಲ. ಮುದುಕರ ಸೊಂಟಕ್ಕೆ ಒಂದೆರಡು ಒಳ್ಳೆಯ ಹಾಸಿಗೆ, ಮಳೆಗೆ ಸೋರದ ಮಾಡು, ಬಿಸಿಲಿಗೆ ಕಿಟಕಿ ಇವೂ ಬೇಕು.

ಅಡಿಗೆಯ ಕಟ್ಟೆ ಮಾತ್ರ ಹೊರಕ್ಕೆ ತೆರೆಯಲಿ. ಬಂಡಿಯ ಪಕ್ಕದ ಹಲಗೆಯನ್ನು ಇಳಿಸಿದರೆ ಒಲೆಯೂ ಕಟ್ಟೆಯೂ ಬಯಲಿಗೆ ಬರುವಂತೆ ಮಾಡಿದ ಗಾಡಿಗಳು ಉಂಟು. ಅಂಥದರಲ್ಲಿ ರೊಟ್ಟಿ ಬಡಿಯುವವಳು ಮಾತುಕತೆಯಿಂದ ಹೊರಗುಳಿಯುವುದಿಲ್ಲ. ನಿಂತು ನೋಡುವ ಗಂಡಸಿಗೂ ತವೆಯ ಹತ್ತಿರ ಬರಲು ನಾಚಿಕೆಯಾಗುವುದಿಲ್ಲ. ಬಂಡಿಯ ಮಗ್ಗುಲಿನಿಂದ ಚಾಚತಕ್ಕ ದೊಡ್ಡದೊಂದು ಬಟ್ಟೆಯ ಚಪ್ಪರವಿರಲಿ. ಎಂಟಡಿ ಚಪ್ಪರವೆಂದರೆ ತೂಕವಿಲ್ಲದೆ ದೊರೆತ ಎಂಟಡಿ ಪಡಸಾಲೆ. ಟೀವಿಯನ್ನು ಮನೆಯಲ್ಲಿ ಬಿಡಿ. ತಂಪುಯಂತ್ರವನ್ನೂ ಬಿಡಬಹುದು, ಅದಿದ್ದರೆ ಬಾಗಿಲು ಮುಚ್ಚಬೇಕು, ಬಾಗಿಲು ಮುಚ್ಚಿದ ಮೇಲೆ ಹುನ್ನೂರಿನ ಮನೆಯಲ್ಲೇ ಇದ್ದರೂ ಆಗುತ್ತಿತ್ತು.

ಇದು ಹಳೆಯ ಕಾಲದ ಹಂಬಲವೆಂದು ತರುಣರು ನಗಬಾರದು. ಏರ್‌ಸ್ಟ್ರೀಮ್ ಎಂಬ ಬೆಳ್ಳಿಬಣ್ಣದ ಮನೆಗಾಡಿಗಳನ್ನು ಅಮೆರಿಕೆಯಲ್ಲಿ ಜನಪ್ರಿಯಗೊಳಿಸಿದ ವಾಲಿ ಬಯಾಮ್, 1959ರಲ್ಲಿ ನಲವತ್ತಕ್ಕೂ ಹೆಚ್ಚು ಕುಟುಂಬಗಳ ಗಾಡಿಗಳನ್ನು ಆಫ್ರಿಕದ ಕೇಪ್‌ಟೌನಿನಿಂದ ಕೈರೋವರೆಗೆ ಕರೆದೊಯ್ದನು. ಮಂಚವೂ ಒಲೆಯೂ ಒಳಗೇ ಇದ್ದ ಆ ಜನ ಬೀಡುಬಿಟ್ಟಾಗ ಮಾಡುತ್ತಿದ್ದುದೇನು? ಗಾಡಿಗಳನ್ನು ಬಂಡಿಯ ಗಾಲಿಯ ಅರಗಳಂತೆ ವರ್ತುಲವಾಗಿ ನಿಲ್ಲಿಸಿ ನಡುವಿನ ಬಯಲಿನಲ್ಲಿ ಕೂಡುತ್ತಿದ್ದರು. ಸಿರಿವಂತ ದೇಶದ ಸೊಗಸಾದ ಗಾಡಿಗಳೂ ಕೊನೆಗೆ ಎಲ್ಲಮ್ಮನ ಗುಡ್ಡದ ಪದ್ಧತಿಗೇ ಬಂದು ನಿಂತವು.

ಆದರೆ ನಡುವಿನ ಆ ಬಯಲು ನಮ್ಮಲ್ಲಿ ಎಲ್ಲಿ ಉಳಿದಿದೆ? ಇಂದಿನ ನಿಜವಾದ ಕೊರತೆ ಇದು. ಕೇರಳ ಸರಕಾರ 2021ರಲ್ಲಿ ಮನೆಗಾಡಿಗಳ ಪ್ರವಾಸಕ್ಕೆಂದೇ ಒಂದು ನೀತಿಯನ್ನು ಪ್ರಕಟಿಸಿತು. ಗಾಡಿಗಳ ಜೊತೆಗೆ ಅವು ನಿಲ್ಲತಕ್ಕ ತಂಗುದಾಣಗಳನ್ನೂ ಅದರಲ್ಲಿ ಸೇರಿಸಿದ್ದು ವಿವೇಕದ ಮಾತು. ನಮ್ಮ ಜನ ಈಗ ಜಾತ್ರೆಗೆ ಟ್ರ್ಯಾಕ್ಟರಿನಲ್ಲೋ ಬಾಡಿಗೆಯ ಗಾಡಿಯಲ್ಲೋ ಹೋಗಿ, ದೇವಿಗೆ ಕಾಯಿ ಒಡೆದು, ಅದೇ ಸಂಜೆ ಮರಳುವುದೇ ಹೆಚ್ಚು. ರಸ್ತೆ ಸುಧಾರಿಸಿತು, ತಂಗುವಿಕೆ ಹೋಯಿತು. ಅಜ್ಜಿ ಮೊಮ್ಮಕ್ಕಳಿಗೆ ಚಿಕ್ಕೆಗಳನ್ನು ತೋರಿಸುವ ರಾತ್ರಿ ಅದರೊಡನೆ ಹೋಯಿತು. ಮನೆಗಾಡಿ ಆ ರಾತ್ರಿಯನ್ನು ಮರಳಿ ತಂದುಕೊಟ್ಟರೆ ಅದಕ್ಕೆ ಹಾಕಿದ ಹಣ ವ್ಯರ್ಥವಲ್ಲ.

ಇದೇ ನೆಲದಲ್ಲಿ ಬಯಲಲ್ಲೇ ತಂಗುವ ಇನ್ನೊಂದು ಜನವಿದೆ. ಕಾರಖಾನೆಗಳು ಕಬ್ಬು ನುರಿಸುವ ಹಂಗಾಮಿನಲ್ಲಿ ಮಹಾರಾಷ್ಟ್ರದ ಬೀಡ ಜಿಲ್ಲೆಯಿಂದಲೂ ಇತರ ಒಣಸೀಮೆಗಳಿಂದಲೂ ಕಬ್ಬು ಕಡಿಯುವವರ ಕುಟುಂಬಗಳು ಬಂದು ಹೊಲಗಳಂಚಿನಲ್ಲಿ ತಾಡಪತ್ರಿಯ ಗುಡಿಸಲು ಹಾಕಿ ತಿಂಗಳುಗಟ್ಟಲೆ ಇರುತ್ತವೆ. ಮಕ್ಕಳೂ ಮರಿಗಳೂ ಜೊತೆಗೇ ಇರುತ್ತವೆ. ಅವರ ಬಿಡಾರಕ್ಕೆ ಯಾರೂ ಪ್ರವಾಸವೆಂಬ ಹೆಸರಿಡುವುದಿಲ್ಲ. ಬಯಲ ವಾಸ ನಮಗೆ ನಾಲ್ಕು ದಿನದ ಸುಖವಾಗುವುದು, ಐದನೆಯ ದಿನ ಮರಳಲು ಮನೆಯೊಂದಿದೆಯೆಂಬ ಧೈರ್ಯದಿಂದ. ಕಬ್ಬಿನ ಹಣದಿಂದ ಮನೆಗಾಡಿ ಮಾಡಿಸುವವರು, ಆ ಕಬ್ಬನ್ನು ಕಡಿದವಳಿಗೆ ಸ್ನಾನಕ್ಕೆ ಮರೆಯಿಲ್ಲವೆಂಬುದನ್ನು ಕಾಣದೆ ಮುಂದೆ ಸಾಗಬಾರದು. ಅವಳಿಗೆ ಬೇಕಾದದ್ದೂ, ಸವದತ್ತಿಗೆ ಟ್ರ್ಯಾಕ್ಟರಿನಲ್ಲಿ ಹೋದ ಮುದುಕಿಗೆ ಬೇಕಾದದ್ದೂ, ಮನೆಗಾಡಿಯಲ್ಲಿ ಹೋದ ಸೊಸೆಗೆ ಬೇಕಾದದ್ದೂ ಒಂದೇ: ನೆರಳು, ಶುದ್ಧವಾದ ನೀರು, ಬಾಗಿಲುಳ್ಳ ಶೌಚಗೃಹ, ರಾತ್ರಿ ಒಂದು ದೀಪ. ಊರಿಗೊಂದು ಅಂಥ ಬಿಡಾರದ ಬಯಲನ್ನು ಪಂಚಾಯತಿಗಳು ಕಾಯ್ದಿರಿಸಿದರೆ ಬಂಡಿಯೂ ಅಲ್ಲಿ ನಿಲ್ಲುತ್ತದೆ, ಟ್ರ್ಯಾಕ್ಟರೂ ನಿಲ್ಲುತ್ತದೆ, ಸಿರಿವಂತನ ಮನೆಗಾಡಿಯೂ ನಿಲ್ಲುತ್ತದೆ. ಆಗ ಯಾರ ಗಾಡಿಯೂ ಮನೆಯಷ್ಟು ದೊಡ್ಡದಾಗಬೇಕಾದ ಅಗತ್ಯವಿರುವುದಿಲ್ಲ.

ಆದುದರಿಂದ ಮನೆಗಾಡಿ ಮಾಡಿಸುವವರಿಗೆಲ್ಲ ನಾನು ಹೇಳುವುದು ಇಷ್ಟೇ: ನಿಮ್ಮ ಮೋಟಾರು ಸುಲಭವಾಗಿ ಎಳೆಯುವಷ್ಟು ಚಿಕ್ಕದನ್ನು ಮಾಡಿಸಿ, ಹೆಂಗಸರನ್ನು ಮೊದಲು ಕೇಳಿ ಮಾಡಿಸಿ, ಬಾಗಿಲನ್ನು ಅಗಲವಾಗಿ ಇರಿಸಿ. ಉಳಿಸಿದ ಹಣದಲ್ಲಿ ಒಂದು ಪಾಲನ್ನು, ಆ ಬಾಗಿಲು ಯಾವ ಬಯಲಿಗೆ ತೆರೆಯುವುದೋ ಆ ಬಯಲಿಗೆ ಕೊಡಿ.